ಎಷ್ಟು ವರ್ಷ ಎಂದು ಕೇಳಿದ ಓಜೆಲ್ಲಾ

ಓಜೆಲ್ಲಾ ಸ್ಟ್ಯಾಂಪ್ಸ್ ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು. ಮಿಸಿಸಿಪ್ಪಿಯ ಆ ಹತ್ತಿ ಸೀಮೆಯಲ್ಲಿ ಅವಳ ಕೈಯ ಮೆಕ್ಕೆಜೋಳದ ಬ್ರೆಡ್ಡು ತಿನ್ನದೆ ಬೆಳೆದ ಮಕ್ಕಳೇ ಇಲ್ಲ. ಬ್ರೆಡ್ಡು ಕದ್ದ ಮಗುವಿನ ಕೈಗೆ ಸೌಟಿನಿಂದ ಒಂದು ಏಟು ಕೊಟ್ಟು, ಮರುಗಳಿಗೆಯೇ ತಟ್ಟೆ ತುಂಬಿಸುತ್ತಿದ್ದಳು. ತಪ್ಪಿಗೊಂದು ಏಟು, ಅಲ್ಲಿಗೆ ಮುಗಿಯಿತು. ನ್ಯಾಯವೆಂದರೆ ಅವಳಿಗೆ ಅಷ್ಟೇ.

ಐವತ್ತೆಂಟನೆಯ ವಯಸ್ಸಿನಲ್ಲಿ ಕೋರ್ಟಿನಿಂದ ಜ್ಯೂರಿಗೆ, ತೀರ್ಪು ಹೇಳುವ ಹನ್ನೆರಡು ಊರವರಲ್ಲಿ ಒಬ್ಬಳಾಗಲು, ಕರೆ ಬಂತು. ಥರ್ಮನ್ ಬಿಬ್ಸ್ ಎಂಬ ನಲವತ್ತರ ಆಸಾಮಿ ಯಾರದೋ ಶೆಡ್ಡಿನ ಬೀಗ ಒಡೆದು ಮರ ಕೊಯ್ಯುವ ಮಷೀನು ಹೊತ್ತುಕೊಂಡು ಹೋಗಿದ್ದ. ಕದ್ದದ್ದರಲ್ಲಿ ಅನುಮಾನವಿರಲಿಲ್ಲ, ಮಷೀನು ಅವನ ಗಾಡಿಯಲ್ಲೇ ಸಿಕ್ಕಿತ್ತು. ಆದರೆ ಹನ್ನೆರಡು ಮಂದಿಯೂ ಒಂದೇ ಮಾತು ಹೇಳಬೇಕು, ಒಬ್ಬರು ಒಪ್ಪದಿದ್ದರೂ ತೀರ್ಪಿಲ್ಲ. ತಪ್ಪಿತಸ್ಥನೆಂದು ಹನ್ನೊಂದು ಕೈಗಳು ಮೇಲೆದ್ದವು. ಓಜೆಲ್ಲಾಳ ಕೈ ಮಡಿಲಲ್ಲೇ ಇತ್ತು. ಎಷ್ಟು ವರ್ಷ ಒಳಗಿಡುತ್ತಾರೆಂದು ತಿಳಿಯದೆ ಹೇಗೆ ಎತ್ತುವುದು? ನ್ಯಾಯಾಧೀಶರಿಗೆ ಚೀಟಿ ಬರೆಸಿ ಕಳಿಸಿದಳು. ಶಿಕ್ಷೆಯ ಚಿಂತೆ ನಿಮಗೆ ಬೇಡ, ಮಾಡಿದನೋ ಇಲ್ಲವೋ ಅಷ್ಟು ಹೇಳಿ ಎಂದು ಉತ್ತರ ಬಂತು.

ಜ್ಯೂರಿಯ ಮುಖಂಡ ವಿಮೆ ಮಾರುವವನು. ಗಡಿಯಾರ ನೋಡಿಕೊಂಡ.

"ಒಂದು ಮಷೀನಿಗೆ ಗಲ್ಲಿಗೇರಿಸ್ತಾರಾ, ಮಿಸ್ ಓಜೆಲ್ಲಾ? ಹೆಚ್ಚಂದ್ರೆ ಎರಡು ವರ್ಷ. ನಿಮ್ಮ ಸೌಟಿನ ಏಟು ಅಂದ್ಕೊಳ್ಳಿ. ನಾನೂ ತಿಂದಿದೀನಿ, ಸತ್ತೇನೂ ಹೋಗ್ಲಿಲ್ಲ."

ಎಲ್ಲರೂ ನಕ್ಕರು, ಅವಳೂ ನಕ್ಕಳು. ಕೈ ಎತ್ತಿದಳು. ಆಮೇಲೆ ಕೋರ್ಟಿನಲ್ಲಿ ಒಬ್ಬೊಬ್ಬರನ್ನೇ ಹೆಸರು ಹಿಡಿದು, ಇದು ನಿಮ್ಮ ತೀರ್ಪೇ ಎಂದು ಕೇಳಿದರು. ಹೌದು ಸ್ವಾಮಿ ಎಂದಳು.

ಶಿಕ್ಷೆ ಓದುವ ದಿನ ಯಾರೂ ಕರೆಯದಿದ್ದರೂ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತಳು. ಜ್ಯೂರಿಗೆ ಹೇಳದೇ ಇದ್ದ ಮಾತು ಅಂದು ಹೊರಗೆ ಬಂತು. ಹತ್ತೊಂಬತ್ತರ ಪ್ರಾಯದಲ್ಲೊಂದು ಕಳ್ಳತನ, ಇಪ್ಪತ್ತಾರರಲ್ಲಿ ಜಗಳವಾಡಿ ಒಬ್ಬನ ದವಡೆ ಮುರಿದದ್ದು. ಎರಡಕ್ಕೂ ಥರ್ಮನ್ ಜೈಲು ಕಂಡಿದ್ದ. ಇದು ಮೂರನೆಯದು. ಮೂರನೆಯದಕ್ಕೆ ರಾಜ್ಯದ ಕಾನೂನಿನಲ್ಲಿ ಒಂದೇ ಅಳತೆ: ಸಾಯುವವರೆಗೂ ಜೈಲು, ಬಿಡುಗಡೆಯ ಮಾತಿಲ್ಲ. ನ್ಯಾಯಾಧೀಶರು ಕಾಗದದಿಂದ ಕಣ್ಣೆತ್ತದೆ ಓದಿದರು.

ಓಜೆಲ್ಲಾ ನೇರ ಗುಮಾಸ್ತೆಯ ಹತ್ತಿರ ಹೋಗಿ, ನನ್ನ ಮಾತು ವಾಪಸು ತಗೊಳ್ತೀನಿ ಎಂದಳು. ತಗೊಳ್ಳೋಕೆ ಬರೋದಿಲ್ಲಮ್ಮ ಎಂದಳು ಆಕೆ.

ಭಾನುವಾರ ಚರ್ಚು ಮುಗಿದ ಮೇಲೆ ಥರ್ಮನ್‌ನ ತಾಯಿ ಪರ್ಲೀಯ ಮನೆಗೆ ಹೋಗಿ, ಆ ಹನ್ನೆರಡರಲ್ಲಿ ತಾನೂ ಒಬ್ಬಳೆಂದು, ಎಷ್ಟು ವರ್ಷವೆಂದು ಚೀಟಿ ಕಳಿಸಿ ಕೇಳಿದ್ದೆನೆಂದು ಹೇಳಿದಳು. ಪರ್ಲೀ ಜಗಲಿಯಲ್ಲಿ ಅಲಸಂದೆ ಬಿಡಿಸುತ್ತಿದ್ದಳು. ಕೂರು ಎನ್ನಲಿಲ್ಲ.

"ಸರ್ಕಾರದ ವಕೀಲ ಮೊದಲೇ ಹೇಳಿದ್ದ, ಸಿಸ್ಟರ್. ತಪ್ಪು ಒಪ್ಪಿಕೊಂಡ್ರೆ ಐದು ವರ್ಷ, ವಿಚಾರಣೆಗೆ ಹೋದ್ರೆ ಸಾಯೋವರೆಗೂ ಅಂತ. ನನ್ನ ಮಗ ನಕ್ಕುಬಿಟ್ಟ. ಒಂದು ಮಷೀನಿಗೆ ಯಾರಮ್ಮ ಹಾಗೆ ಮಾಡ್ತಾರೆ, ಸುಮ್ನೆ ಹೆದರಿಸ್ತಾರೆ ಅಂದ."

"ನಾನೂ ಹಾಗೇ ಅಂದ್ಕೊಂಡೆ."

"ಅವನಿಗೆ ಹೇಳಿದ್ರು, ನಂಬಲಿಲ್ಲ. ನಿಮಗೆ ಹೇಳಲೇ ಇಲ್ಲ. ಕೇಳಿದ್ರಲ್ಲ ನೀವು, ಉತ್ತರ ಸಿಗೋತನಕ ಕೈ ಕೆಳಗಿಟ್ಕೊಂಡು ಕೂತಿರಬೇಕಿತ್ತು."



ಥರ್ಮನ್ ಒಳಗೆ ಹದಿಮೂರು ವರ್ಷ ಬದುಕಿದ. ಅವನು ಸತ್ತ ಸುದ್ದಿ ಬಂದ ದಿನ ಪರ್ಲೀಯೇ ಫೋನು ಮಾಡಿ, ಜೈಲಿನವರೆಗೂ ಕಾರಿನಲ್ಲಿ ಬಿಡುತ್ತೀರಾ ಎಂದು ಕೇಳಿದಳು. ಮೂರು ಗಂಟೆಯ ದಾರಿ. ಅರ್ಧ ದಾರಿ ಕಳೆದಿತ್ತು.

"ಬೇರೆ ಗಾಡಿ ಸಿಕ್ಕಿದ್ರೆ ನಿಮ್ಮನ್ನ ಕರೀತಿರ್ಲಿಲ್ಲ" ಎಂದಳು ಪರ್ಲೀ.

ಗೊತ್ತು ಎಂದು ಓಜೆಲ್ಲಾ ಗಾಡಿ ಓಡಿಸಿದಳು.