ಕಂಡಕ್ಟರ್ ಯೋಗಾನಂದರು ಪಾಯಿಂಟು ಕೂಡಿಸಿದ್ದು

ಕುರುಬರಹಳ್ಳಿಯ ಯೋಗಾನಂದರು ಮೂವತ್ತನಾಲ್ಕು ವರ್ಷ ಸಿಟಿ ಬಸ್ಸಿನ ಕಂಡಕ್ಟರಾಗಿದ್ದು, ಒಬ್ಬರ ಚಿಲ್ಲರೆಯನ್ನೂ ನುಂಗದೆ ನಿವೃತ್ತರಾದವರು. ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಟ್ಟು, ಮರೆತು ಇಳಿದು ಹೊರಟವರನ್ನು ಫುಟ್‌ಬೋರ್ಡಿನಿಂದ ಕೂಗಿ ಕರೆದು ಐದು ರೂಪಾಯಿ ಕೈಗಿಟ್ಟ ಪುಣ್ಯಾತ್ಮ. ಇಂಥವರು ಲಕ್ಷಕ್ಕೊಬ್ಬರು ಎಂದು ನೀವು ಹೇಳಬಹುದು. ಹೇಳಿ, ಅವರಿಗೂ ಸಂತೋಷವಾಗುತ್ತದೆ. ಆದರೆ ಅವರ ಹೆಂಡತಿ ಯಶೋದಮ್ಮನ ಮುಂದೆ ಮಾತ್ರ ಹೇಳಬೇಡಿ. "ಊರಿಗೆಲ್ಲಾ ಟಿಕೆಟ್ ಹರಿದುಕೊಟ್ರು, ಕಟ್ಕೊಂಡೋಳನ್ನ ಮೈಸೂರು ದಾಟಿಸ್ಲಿಲ್ಲ" ಎಂದು ಆಕೆ ಶುರು ಮಾಡಿದರೆ ಕುಕ್ಕರು ಐದು ಸಲ ಕೂಗುವವರೆಗೆ ನಿಲ್ಲಿಸುವವರಲ್ಲ.

ಯಶೋದಮ್ಮನದು ಒಂದೇ ಆಸೆ. ಸಮುದ್ರ ನೋಡಬೇಕು, ಅದನ್ನೂ ವಿಮಾನದಲ್ಲಿ ಕೂತು ಮೇಲಿನಿಂದ ನೋಡಬೇಕು. ಮದುವೆಯಾದ ಹೊಸದರಲ್ಲಿ ಯಾವುದೋ ಕ್ಯಾಲೆಂಡರಿನಲ್ಲಿ ಅಂಡಮಾನಿನ ಚಿತ್ರ ನೋಡಿದಾಗ ಹುಟ್ಟಿದ ಆಸೆ ಅದು. ಕೇಳಿದಾಗಲೆಲ್ಲ ಯೋಗಾನಂದರು "ನೋಡೋಣ" ಎನ್ನುತ್ತಿದ್ದರು. ಮಗಳ ಮದುವೆ ಮುಗಿಯಿತು, ಮೇಲೆ ಎರಡಂತಸ್ತು ಕಟ್ಟಿ ಬಾಡಿಗೆಗೆ ಕೊಟ್ಟದ್ದಾಯಿತು, ಪಿಂಚಣಿಯೂ ಬರತೊಡಗಿತು. ನೋಡೋಣ ಮಾತ್ರ ಹಾಗೇ ಉಳಿಯಿತು.

ಹೀಗಿರುವಾಗ ಮೊದಲ ಮಹಡಿಯ ಬಾಡಿಗೆಯವಳು ರಮ್ಯ, ಯಾವುದೋ ಇನ್ಶೂರೆನ್ಸ್ ಆಫೀಸಿನ ಹುಡುಗಿ, ಗಂಡನ ಜೊತೆ ಅದೇ ಅಂಡಮಾನಿಗೆ ಹೋಗಿಬಂದು ಯಶೋದಮ್ಮನಿಗೆ ಒಂದು ಕಪ್ಪೆಚಿಪ್ಪು ತಂದುಕೊಟ್ಟಳು. ಟೆರೇಸಿನಲ್ಲಿ ಬಟ್ಟೆ ಒಣಗಹಾಕುತ್ತಾ, "ಪ್ಲೇನ್‌ಗೆ ಒಂದ್ ರೂಪಾಯಿ ಕೊಟ್ಟಿಲ್ಲ ಆಂಟಿ, ಎಲ್ಲಾ ಕ್ರೆಡಿಟ್ ಕಾರ್ಡ್ ಪಾಯಿಂಟ್ಸು" ಎಂದೂ ಹೇಳಿದಳು. ಯಶೋದಮ್ಮ ಕೈಯಲ್ಲಿದ್ದ ಒದ್ದೆ ಪಂಚೆಯನ್ನು ಬಕೆಟ್ಟಿಗೆ ಎಸೆದು, ಕೆಳಗೆ ಪೇಪರ್ ಓದುತ್ತಿದ್ದ ಗಂಡನನ್ನು ಮೇಲಕ್ಕೆ ಕರೆಸಿದರು.

ರಮ್ಯ ಹಳೇ ಕ್ಯಾಲೆಂಡರಿನ ಹಾಳೆ ಮಗುಚಿ ಲೆಕ್ಕ ಬರೆದು ತೋರಿಸಿದಳು. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಕಾರ್ಡ್ ತೆಗೆಯಬಾರದು. ಮೊದಲು ಅಂಕಲ್ ತೆಗೆಯಬೇಕು. ತೊಂಬತ್ತು ದಿನದಲ್ಲಿ ಒಂದೂವರೆ ಲಕ್ಷದ ಖರ್ಚನ್ನು ಅದರಲ್ಲಿ ಮಾಡಿ, ಬಿಲ್ಲನ್ನು ಹೇಳಿದ ದಿನಕ್ಕೆ ಪೂರ್ತಿ ಕಟ್ಟಿದರೆ, ಒಬ್ಬರು ಅಂಡಮಾನಿಗೆ ಹೋಗಿಬರುವಷ್ಟು ಪಾಯಿಂಟು. ಅದಾದ ಮೇಲೆ ಅಂಕಲ್ ಶಿಫಾರಸು ಮಾಡಿ ಆಂಟಿಗೆ ಕಾರ್ಡ್ ಕೊಡಿಸಬೇಕು. ಆಂಟಿಯೂ ಹಾಗೇ ಮಾಡಿದರೆ ಎರಡನೇ ಟಿಕೆಟ್ಟು.

"ಬ್ಯಾಂಕ್‌ನೋರು ಪುಕ್ಸಟ್ಟೆ ಯಾಕಮ್ಮಾ ಕೊಡ್ತಾರೆ?" ಯೋಗಾನಂದರು ಕೇಳಿದರು.

"ನಾವು ಕಟ್ಟೋದು ಮರೆತು ಬಡ್ಡಿ ತೆರ್ತೀವಿ ಅಂತ ಅಂಕಲ್. ಮರೀಬಾರ್ದು, ಅಷ್ಟೆ."

ಮರೆಯುವುದೆ? ಈ ಯೋಗಾನಂದ? ಅವರಿಗೆ ರೋಷ ಬಂತು. ನಿವೃತ್ತಿಯ ದುಡ್ಡನ್ನು ಎಫ್‌ಡಿ ಇಟ್ಟು, ಅದರ ಆಧಾರದ ಮೇಲೆ ಕಾರ್ಡ್ ತೆಗೆದೇಬಿಟ್ಟರು. ಎಫ್‌ಡಿ ಮುರಿದರೆ ಕಾರ್ಡೂ ಇಲ್ಲ, ಪಾಯಿಂಟೂ ಇಲ್ಲ ಎಂದು ಬ್ಯಾಂಕಿನವರು ಎರಡೆರಡು ಸಲ ಹೇಳಿ ರುಜು ಹಾಕಿಸಿಕೊಂಡರು.

ಖರ್ಚು ಮಾಡುವುದೂ ಒಂದು ವಿದ್ಯೆ ಎಂದು ಯೋಗಾನಂದರಿಗೆ ತಿಳಿದದ್ದು ಆಗಲೇ. ಇಬ್ಬರೇ ಇರುವ ಮನೆ. ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬರಿಗೆ ಗ್ಯಾಸು. ತಿಂಗಳಿಗೆ ಎಷ್ಟು ತಿಂದಾರು? ತಳ್ಳುಗಾಡಿಯ ಸೊಪ್ಪಿನವನಿಗೂ ಕಾರ್ಡ್ ಚಾಚಿದರು, ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸ್ಸು ಕೊಟ್ಟ. ದಿನಸಿ, ಔಷಧಿ, ಕರೆಂಟು, ಎಲ್ಲ ಸೇರಿ ಎರಡು ತಿಂಗಳಿಗೆ ಮೂವತ್ತು ಸಾವಿರ ದಾಟಲಿಲ್ಲ. ಉಳಿದದ್ದು ಮೂವತ್ತು ದಿನ, ಬೇಕಾದದ್ದು ಇನ್ನೂ ಒಂದು ಲಕ್ಷದ ಇಪ್ಪತ್ತು ಸಾವಿರ.

"ನಮ್ ಖರ್ಚು ಇಲ್ದಿದ್ರೆ ಏನಾಯ್ತು, ಊರೋರ ಖರ್ಚಿಲ್ವಾ?" ಎಂದರು ಯಶೋದಮ್ಮ. "ಅವರ ಸಾಮಾನಿಗೆ ನೀವು ಕಾರ್ಡ್ ಉಜ್ಜಿ, ಅವರ ಹತ್ರ ದುಡ್ಡು ಇಸ್ಕೊಳ್ಳಿ."

ಹಾವೂ ಸಾಯದ, ಕೋಲೂ ಮುರಿಯದ ಉಪಾಯ. ಯೋಗಾನಂದರು ಇಸ್ತ್ರಿಯ ಬಿಳಿ ಅಂಗಿ ತೊಟ್ಟು ಬೀದಿಗಿಳಿದರು. ಮೂವತ್ತನಾಲ್ಕು ವರ್ಷ ಖಾಕಿ ತೊಟ್ಟು ಸಾಕಾಗಿದ್ದ ಅವರು, ನಿವೃತ್ತರಾದ ವಾರವೇ ನಾಲ್ಕು ಬಿಳಿ ಅಂಗಿ ಹೊಲಿಸಿದ್ದರು. ಮೂಲೆಯ ಹೂವಿನ ಮುನಿತಾಯಮ್ಮ ಫ್ರಿಜ್ಜು ಕೊಳ್ಳಲು ಹೊರಟಿದ್ದರು; ಇವರೂ ರಾಜಾಜಿನಗರದ ಅಂಗಡಿಗೆ ಹೋಗಿ ಮೂವತ್ತೊಂದು ಸಾವಿರ ಉಜ್ಜಿದರು. ಆಟೋ ಸುಬ್ರಮಣಿಯ ಮೂರು ಟೈರಿಗೆ ಎಂಟು ಸಾವಿರ. ಟೈಲರ್ ವಿಠ್ಠಲನ ಮಗಳ ಕಾಲೇಜು ಫೀಸಿಗೆ ಇಪ್ಪತ್ತನಾಲ್ಕು. ಮಾರಮ್ಮನ ಗುಡಿಯ ಸಮಿತಿಯ ಮೈಕ್ ಸೆಟ್ಟಿಗೆ ನಲವತ್ತೆರಡು. ಮನೆಯ ಹದಿನೈದೂ ಸೇರಿ ಎಂಬತ್ತೆಂಟನೇ ದಿನಕ್ಕೆ ಒಂದೂವರೆ ಲಕ್ಷ ಭರ್ತಿ. ಯಶೋದಮ್ಮ ಅಂದು ಶ್ಯಾವಿಗೆ ಪಾಯಸ ಮಾಡಿ, ಸಕ್ಕರೆ ಕಾಯಿಲೆಯ ಗಂಡನಿಗೂ ಅರ್ಧ ಲೋಟ ಕೊಟ್ಟರು.

ಒಂದೇ ಒಂದು ಎಡವಟ್ಟಾಗಿತ್ತು. ಬಸ್ಸಿನೊಳಗೆ, ಹೆಗಲಿಗೆ ಚೀಲ ಹಾಕಿಕೊಂಡು ಎಂಥ ರೌಡಿಯ ಹತ್ತಿರವೂ ಕಾಸು ಕೇಳಬಲ್ಲ ಯೋಗಾನಂದರಿಗೆ, ಬೀದಿಯಲ್ಲಿ ಬರಿಗೈಯಲ್ಲಿ ನಿಂತಾಗ ಕೇಳಲು ಬಾಯೇ ಬರಲಿಲ್ಲ. ಯಾರಾದರೂ ಸೊಂಟದ ಚೀಲಕ್ಕೆ ಕೈಹಾಕಿದರೆ ಸಾಕು, ಕೈಮುಗಿದು, "ಇರ್ಲಿ ಬಿಡಿ, ಅವಸರ ಏನಿದೆ, ನಿಧಾನಕ್ಕೆ ಕೊಡಿ" ಎಂದುಬಿಡುತ್ತಿದ್ದರು. ನಾಲ್ಕು ಕಡೆಯೂ ಇದೇ ಮಾತು, ಇದೇ ಕೈಮುಗಿತ.

ಈಗ ನೀವೇ ಹೇಳಿ. ಕಾರ್ಪೊರೇಷನ್ ಎಲೆಕ್ಷನ್ ಇಂದು ಬಂತು ನಾಳೆ ಬಂತು ಎಂದು ಊರೆಲ್ಲ ಕಾಯುತ್ತಿರುವಾಗ, ಬಿಳಿ ಅಂಗಿಯ ಒಬ್ಬ ಮನುಷ್ಯ ಫ್ರಿಜ್ಜು, ಟೈರು, ಫೀಸು, ಗುಡಿಗೆ ಮೈಕು ಎಲ್ಲ ಕೊಡಿಸಿ, ಕೈಮುಗಿದು, ದುಡ್ಡು ಬೇಡ ಎಂದರೆ ಜನ ಏನೆಂದುಕೊಳ್ಳಬೇಕು? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಬೀದಿ ಅದು. ವಾರದೊಳಗೆ ಕುರುಬರಹಳ್ಳಿಯ ಟೀ ಅಂಗಡಿಗಳಲ್ಲೆಲ್ಲ ಯೋಗಾನಂದರು ನಿಂತಾಗಿತ್ತು, ಅರ್ಧ ಗೆದ್ದೂ ಆಗಿತ್ತು.

ಅವರಿಗೆ ಮಾತ್ರ ಇದು ಗೊತ್ತಾಗಲಿಲ್ಲ. ಎದುರಾದವರು ನಮಸ್ಕಾರ ಹಾಕುತ್ತಿದ್ದರು, ಟೀ ಅಂಗಡಿಯಲ್ಲಿ ಕುರ್ಚಿ ಬಿಟ್ಟುಕೊಡುತ್ತಿದ್ದರು, ಹಿಂದಿನ ಬೀದಿಯ ಹೆಂಗಸರು ಬಂದು ಮೋರಿ ಕಟ್ಟಿಕೊಂಡಿದೆ ಎಂದು ಅರ್ಜಿ ಕೊಟ್ಟುಹೋದರು. ಪ್ರಾಮಾಣಿಕ ಸೇವೆಗೆ ತಡವಾಗಿಯಾದರೂ ಬೆಲೆ ಸಿಕ್ಕಿತು ಎಂದು ಯೋಗಾನಂದರು ಒಳಗೊಳಗೇ ಉಬ್ಬಿದರು. ಮೋರಿಯನ್ನೂ ಹೋಗಿ ನೋಡಿಬಂದರು.

ಬಿಲ್ಲು ಬಂತು. ಲಕ್ಷದ ಇಪ್ಪತ್ತು ಸಾವಿರ, ಹದಿನೆಂಟು ದಿನದ ಗಡುವು. ಯೋಗಾನಂದರು ಮೊದಲು ಮುನಿತಾಯಮ್ಮನ ಹತ್ತಿರ ಹೋಗಿ, ಗಂಟಲು ಸರಿಮಾಡಿಕೊಂಡು, "ಅದೇ, ಆ ಫ್ರಿಜ್ಜಿಂದು..." ಎಂದರು.

"ಬಲು ಚೆನ್ನಾಗದೆ ಕಣಪ್ಪ. ಮಲ್ಲಿಗೆ ಮೂರ್ ದಿನ ಆದ್ರೂ ಬಾಡಲ್ಲ. ನಮ್ಮನೇಲಿ ಐದ್ ವೋಟು, ಐದೂ ನಿಂಗೇ."

"ವೋಟಾ? ಯಾವ ವೋಟು?"

"ನನ್ ಹತ್ರ ನಾಟಕ ಆಡ್ಬೇಡ ಯೋಗಣ್ಣ" ಎಂದು ಮುನಿತಾಯಮ್ಮ ಮೊಳ ಹೂವು ಕಿತ್ತು, ಯಶೋದಮ್ಮನಿಗೆ ಕೊಡು ಎಂದು ಕೈಗಿಟ್ಟರು.

ಯೋಗಾನಂದರು ಹೂವು ಕೈಯಲ್ಲಿರುವಂತೆಯೇ ಆಟೋ ಸ್ಟ್ಯಾಂಡಿಗೆ ಓಡಿ ಸುಬ್ರಮಣಿಯನ್ನು ಹಿಡಿದು, "ನಾನು ಎಲ್ಲೂ ನಿಲ್ತಾ ಇಲ್ಲ ಕಣೋ" ಎಂದರು. "ಎಲ್ರೂ ಮೊದಲು ಹಂಗೇ ಅನ್ನೋದು ಅಣ್ಣ. ಆಮೇಲೆ ಜನರ ಒತ್ತಾಯ ಅಂತ ನಿಲ್ಲೋದು" ಎಂದು ಸುಬ್ರಮಣಿ ನಕ್ಕ. ವಿಠ್ಠಲ ಪುಕ್ಕಟೆಯಾಗಿ ಜುಬ್ಬಾ ಹೊಲಿದುಕೊಡುತ್ತೇನೆಂದು ಅಳತೆ ತೆಗೆಯಲು ನಿಂತ. ಗುಡಿಯವರು ಅವರು ಕೊಡಿಸಿದ ಮೈಕಿನಲ್ಲೇ ಅವರ ಹೆಸರು ಕೂಗಿಸಿದರು. ಎಷ್ಟು ಇಲ್ಲವೆಂದರೆ ಅಷ್ಟು ಹೌದಾಗುತ್ತಿತ್ತು. ಮನೆಗೆ ಬಂದು ಕುಸಿದು ಕೂತ ಗಂಡನ ಮಾತನ್ನು ಕೇಳಿ ಯಶೋದಮ್ಮನೇ ಸೆರಗು ಸಿಕ್ಕಿಸಿ ಹೊರಟರು. ಅರ್ಧ ಗಂಟೆಯಲ್ಲಿ ವಾಪಸ್ಸಾದಾಗ ಮುಖ ಕೆಂಪಾಗಿತ್ತು. ಹೆಂಗಸರ ಮೀಸಲು ಬಂದರೆ ಅಕ್ಕನೇ ನಿಲ್ಲುತ್ತಾರೆ ಎಂಬ ಹೊಸ ಸುದ್ದಿ ಅವರ ಬೆನ್ನಹಿಂದೆಯೇ ಬೀದಿ ಸುತ್ತುತ್ತಿತ್ತು.

ಗಡುವಿಗೆ ಐದು ದಿನವಿರುವಾಗ ಬೆಳಿಗ್ಗೆ ಮೋಹನ್ ಕುಮಾರ್ ಬಂದ. ಆ ವಾರ್ಡಿಗೆ ನಿಲ್ಲಬೇಕೆಂದು ಆರು ವರ್ಷದಿಂದ ಹಬ್ಬಕ್ಕೊಂದು ಫ್ಲೆಕ್ಸ್ ಕಟ್ಟಿಸುತ್ತಿದ್ದವನು ಅವನು. ಹಣ್ಣಿನ ಬುಟ್ಟಿ, ಶಾಲು, ಹಿಂದೆ ನಾಲ್ಕು ಜನ.

"ಯೋಗಣ್ಣ, ನೀವು ಹಿರೀಕ್ರು. ನಾನು ಆರ್ ವರ್ಷದಿಂದ ಕಷ್ಟ ಬಿದ್ದಿದೀನಿ. ನೀವು ತಿಂಗಳೊಪ್ಪತ್ತಲ್ಲಿ ಬಾಚ್ಕೊಂಡ್ರೆ ಹೆಂಗೆ? ಎಷ್ಟ್ ಖರ್ಚಾಗಿದೆ ಹೇಳಿ, ಕೊಟ್ಬಿಡ್ತೀನಿ. ಹಿಂದೆ ಸರೀರಿ."

ಯೋಗಾನಂದರ ಬಾಯಿ ತೆರೆಯಿತು. ಬೇಕಾದ ಮೊತ್ತ ನಾಲಿಗೆಯ ತುದಿಗೆ ಬಂದಿತ್ತು. ನಿಲ್ಲದ ಚುನಾವಣೆಯಿಂದ, ಅದೂ ಇನ್ನೂ ಘೋಷಣೆಯೇ ಆಗದ ಚುನಾವಣೆಯಿಂದ ಹಿಂದೆ ಸರಿಯಲು ದುಡ್ಡು! ಆದರೆ ತನ್ನದಲ್ಲದ ಕಾಸು ಮುಟ್ಟಿ ಅಭ್ಯಾಸವಿಲ್ಲದ ಕೈ ಮೇಲೇಳಲಿಲ್ಲ. ಅಷ್ಟರಲ್ಲಿ ಯಶೋದಮ್ಮ ಕಾಫಿ ತಂದಿಟ್ಟು ಹೇಳಿದರು: "ನಿಮ್ ದುಡ್ಡು ಬೇಡಪ್ಪ. ಇವರು ನಿಲ್ಲಲ್ಲ ಅಂತ ನಾವು ಹೇಳಿದ್ರೆ ಯಾರೂ ನಂಬ್ತಾ ಇಲ್ಲ. ನೀವು ಹೇಳಿ, ನಂಬ್ತಾರೆ."

ಮೋಹನ್ ಕುಮಾರ್ ಹೇಳಿದ. ಅವನಿಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಹೇಳಿದ. ಮಾರನೆಯ ಬೆಳಗ್ಗೆ ಸರ್ಕಲ್ಲಿನಲ್ಲಿ ಹನ್ನೆರಡು ಅಡಿಯ ಫ್ಲೆಕ್ಸ್: ಅವನೂ ಯೋಗಾನಂದರೂ ಕೈಕುಲುಕುವ ಚಿತ್ರ, ಕೆಳಗೆ "ಕಣದಿಂದ ಹಿಂದೆ ಸರಿದ ತ್ಯಾಗಮಯಿ ಯೋಗಾನಂದಣ್ಣನವರಿಗೆ ಹೃತ್ಪೂರ್ವಕ ಧನ್ಯವಾದಗಳು." ಪಾಲಿಕೆಯವರು ಸಂಜೆಗೆ ಅದನ್ನು ಕಿತ್ತರು. ಅಷ್ಟರೊಳಗೆ ಓದಬೇಕಾದವರೆಲ್ಲ ಓದಿ, ಯೋಗಾನಂದ ದುಡ್ಡು ತಿಂದು ಕೂತ ಎಂದು ತೀರ್ಮಾನಿಸಿ ಆಗಿತ್ತು.

ಮಾರಿಕೊಂಡವನ ಋಣ ಯಾರಿಗೆ ಬೇಕು? ಸುಬ್ರಮಣಿ ಬಂದು ಎಂಟು ಸಾವಿರವನ್ನು ಕಟ್ಟೆಯ ಮೇಲೆ ಕುಕ್ಕಿಹೋದ. ವಿಠ್ಠಲ ಮಗಳ ಕೈಲಿ ಕಳಿಸಿದ. ಗುಡಿಯವರು ಚೀಟಿ ಬರೆಸಿಕೊಂಡು ಕೊಟ್ಟರು. ಮುನಿತಾಯಮ್ಮ ಮಾತ್ರ ಬಾಗಿಲಲ್ಲೇ ನಿಂತು, "ಹಿಡಿ. ಐದ್ ವೋಟು ವಾಪಸ್ಸು" ಎಂದು ಹೂವಿನ ವಾಸನೆಯ ಹತ್ತು ಇಪ್ಪತ್ತರ ನೋಟಿನ ಕಂತೆಗಳನ್ನು ಸುರಿದರು. ಯೋಗಾನಂದರು ಅವಮಾನದಿಂದ ತಲೆತಗ್ಗಿಸಿದರು, ತಗ್ಗಿಸಿದ ತಲೆಯಲ್ಲೇ ಎಣಿಸಿದರು. ಇಪ್ಪತ್ತು ರೂಪಾಯಿ ಹೆಚ್ಚಿತ್ತು. ಓಡಿಹೋಗಿ ಕೊಟ್ಟುಬಂದರು.

ಬಿಲ್ಲು ಕಟ್ಟಿದರು, ಪಾಯಿಂಟು ಬಂತು. ಬೀದಿಯ ಮರ್ಯಾದೆ ಹೋದರೂ ಯೋಜನೆಯ ಮೊದಲ ಅರ್ಧ ಗೆದ್ದಿತ್ತು. ರಮ್ಯ ಯಶೋದಮ್ಮನ ಅರ್ಜಿ ಹಾಕಿಕೊಟ್ಟಳು. ಎಫ್‌ಡಿ ಇಡಲು ಇನ್ನು ದುಡ್ಡಿರಲಿಲ್ಲವಾದ್ದರಿಂದ ಆದಾಯದ ಮೇಲೆ ಕೇಳಿದ್ದಾಯಿತು. ಆಗಲ್ಲ ಎಂದು ನಾಲ್ಕೇ ದಿನದಲ್ಲಿ ಉತ್ತರ ಬಂತು. ಯೋಗಾನಂದರು ಬ್ಯಾಂಕಿಗೆ ಹೋಗಿ ಜಗಳಕ್ಕೇ ನಿಂತರು. ಕೌಂಟರಿನ ಹುಡುಗಿ ಸಮಾಧಾನವಾಗಿ ಹೇಳಿದಳು: "ಮೇಡಂ ಹೆಸರಲ್ಲಿ ಏನೂ ಇಲ್ಲ ಸಾರ್. ಮನೆ ಇಲ್ಲ, ಬಾಡಿಗೆ ಇಲ್ಲ, ಕರೆಂಟ್ ಬಿಲ್ ಕೂಡ ಇಲ್ಲ."

ದಾರಿಯುದ್ದಕ್ಕೂ ಅದು ಅವರನ್ನು ಕೊರೆಯಿತು. ಪ್ರತಿ ತಿಂಗಳು ಐದನೇ ತಾರೀಕು ಮಂಡಿ ನೋವಿನಲ್ಲಿ ಮಹಡಿ ಹತ್ತಿ ಬಾಡಿಗೆ ಕೇಳುವವಳು ಅವಳು, ಬಂದು ಬೀಳುವುದು ಇವರ ಖಾತೆಗೆ. ಮದುವೆಯಾದ ಮೂವತ್ತಮೂರು ವರ್ಷದಲ್ಲಿ ಇದು ಹೊಳೆಯಲೇ ಇಲ್ಲವಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯ ಭರದಲ್ಲಿ ಒಂದು ದೊಡ್ಡ ನಿರ್ಧಾರವನ್ನೂ ಮಾಡಿದರು. ಮನೆಗೆ ಬಂದು, ಚಪ್ಪಲಿ ಬಿಟ್ಟು, ಧ್ವನಿ ತಗ್ಗಿಸಿ, "ನಿನ್ ಕಾರ್ಡ್ ಆಗ್ಲಿಲ್ಲ ಕಣೇ. ಇರೋದು ಒಂದೇ ಟಿಕೆಟ್. ನೀನು ಹೋಗ್ಬಾ" ಎಂದರು.

ನೀವಿಲ್ಲದೆ ನಾನೊಬ್ಬಳೇ ಹೇಗೆ ಹೋಗಲಿ ಎಂದು ಅವಳು ಅಳಬೇಕು. ಇಲ್ಲ, ಹೋಗಲೇಬೇಕು ಎಂದು ಇವರು ಒತ್ತಾಯಿಸಬೇಕು. ಕೊನೆಗೆ ಇಬ್ಬರೂ ಬೇಡವೆಂದು ಕಣ್ಣೊರೆಸಿಕೊಳ್ಳಬೇಕು. ದಾರಿಯಲ್ಲಿ ಇವರು ಇಷ್ಟನ್ನೂ ಜೋಡಿಸಿಟ್ಟುಕೊಂಡಿದ್ದರು.

"ಯಾವ ತಾರೀಕು?" ಎಂದರು ಯಶೋದಮ್ಮ.

ಮೂರು ದಿನ ಯೋಗಾನಂದರು ಸರಿಯಾಗಿ ಮಾತಾಡಲಿಲ್ಲ. ಆಕೆಗೆ ಅದನ್ನು ಗಮನಿಸಲೂ ಪುರುಸೊತ್ತಿರಲಿಲ್ಲ. ರಮ್ಯಳ ಅತ್ತೆಯ ಟೂರ್ ಗುಂಪಿಗೆ ಹೆಸರು ಕೊಟ್ಟರು, ದಾರಿಯಲ್ಲಿ ಕಳೆದೀತೆಂದು ಚಿನ್ನದ ಓಲೆ ಬಿಚ್ಚಿಟ್ಟರು, ಎರಡು ಚೂಡಿದಾರ್ ಹೊಲಿಸಿದರು. ನಾಲ್ಕನೇ ದಿನ ಯೋಗಾನಂದರು ಮೇಲೆ ಹೋಗಿ, ಈ ತಿಂಗಳಿಂದ ಬಾಡಿಗೆಯನ್ನು ಆಂಟಿಯ ಖಾತೆಗೆ ಹಾಕಮ್ಮ ಎಂದು ರಮ್ಯಳಿಗೆ ಹೇಳಿಬಂದರು.

ಹೊರಟ ದಿನ ಏರ್‌ಪೋರ್ಟಿನ ಬಾಗಿಲಲ್ಲಿ ಅವರನ್ನು ಒಳಗೆ ಬಿಡಲಿಲ್ಲ. ಯಶೋದಮ್ಮ ಚೂಡಿದಾರಿನ ವೇಲು ಸರಿಮಾಡಿಕೊಂಡು, ಟಿಕೆಟ್ಟು ತೋರಿಸಿ, ಗುಂಪಿನವರ ಜೊತೆ ನಗುನಗುತ್ತಾ ಒಳಗೆ ಹೋಗಿಬಿಟ್ಟರು. ತಿರುಗಿ ನೋಡಲಿಲ್ಲ. ಯೋಗಾನಂದರಿಗೆ ಹೊಟ್ಟೆಕಿಚ್ಚಾಯಿತು, ಅದರ ಹಿಂದೆಯೇ ಹೆಮ್ಮೆಯೂ ಆಯಿತು. ಯಾವುದು ಹೆಚ್ಚೆಂದು ತಿಳಿಯದೆ ಅಲ್ಲೇ ಬೆಂಚಿನ ಮೇಲೆ ಕೂತರು. ಗಂಟೆಯ ಮೇಲೆ ಫೋನು ಬಂತು.

"ರೀ, ಕಿಟಕಿ ಪಕ್ಕ ಸಿಕ್ತು. ಫೋನ್ ಆಫ್ ಮಾಡಿ ಅಂತಿದಾರೆ, ಬೇಗ ಹೇಳ್ತೀನಿ. ಬಾಡಿಗೆ ನನ್ ಖಾತೆಗೆ ಬಂತು ಅಂತ ಮೆಸೇಜ್ ಬಂದಿದೆ. ವರ್ಷ ಹಿಂಗೇ ಬಂದ್ರೆ ನಂಗೂ ಕಾರ್ಡ್ ಕೊಡ್ತಾರಂತೆ, ರಮ್ಯ ಹೇಳಿದ್ಲು. ಆಮೇಲೆ ನಿಮ್ಮನ್ನೂ ಕರ್ಕೊಂಡ್ ಹೋಗ್ತೀನಿ."

"ನಿಜವಾಗ್ಲೂ ಕರ್ಕೊಂಡ್ ಹೋಗ್ತೀಯೇನೇ?" ಯೋಗಾನಂದರು ಕೇಳಿದರು. ಧ್ವನಿಯಲ್ಲಿದ್ದ ಆಸೆ ಅವರಿಗೇ ಕೇಳಿಸಿ ನಾಚಿಕೆಯಾಯಿತು.

ಆ ಕಡೆ ಸೀಟಿನ ಬೆಲ್ಟು ಟಪ್ಪೆಂದಿತು.

"ನೋಡೋಣ" ಎಂದರು ಯಶೋದಮ್ಮ.