ಅಕ್ಕನ ಹೊಲಿಗೆ ಮುಟ್ಟಿದವರು

ಗೌರಿಬಿದನೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ನನ್ನ ಅಕ್ಕನಿಗೆ ಸಿಸೇರಿಯನ್ ಆಯಿತು. ಮಾರನೆಯ ಬೆಳಿಗ್ಗೆ ಡಾಕ್ಟರು ರೌಂಡ್ಸಿಗೆ ಬಂದರು. ಪಕ್ಕದ ಹಾಸಿಗೆಯ ಅಜ್ಜಿಯ ಕಾಲಲ್ಲಿ ಕೀವು ತುಂಬಿದ ಹುಣ್ಣಿತ್ತು. ಅದನ್ನು ಒತ್ತಿ ನೋಡಿದ ಬೆರಳುಗಳಲ್ಲೇ ಅಕ್ಕನ ಹೊಟ್ಟೆಯ ಬ್ಯಾಂಡೇಜಿಗೆ ಕೈ ಹಾಕಿದರು. ನಲ್ಲಿ ಬಾಗಿಲ ಪಕ್ಕದಲ್ಲೇ ಇತ್ತು.

"ಸಾರ್, ಕೈ ತೊಳ್ಕೊಂಡು ಮುಟ್ತೀರಾ?" ಎಂದಳು ಅಕ್ಕ.

"ಡಾಕ್ಟ್ರು ನಾನಾ, ನೀನಾ?" ಎಂದು ನಕ್ಕರು. ನರ್ಸುಗಳೂ ನಕ್ಕರು. ನಾನು ಫ್ಲಾಸ್ಕು ಹಿಡಿದು ನಿಂತಿದ್ದೆ.

ಆಮೇಲೆ ಜ್ವರ ಬಂತು. ಹೊಲಿಗೆ ಕೀವು ತುಂಬಿ ಬಿಟ್ಟುಕೊಂಡಿತು, ನಂಜು ಒಳಕ್ಕಿಳಿಯಿತು. ಬೆಂಗಳೂರಿಗೆ ಸಾಗಿಸಿದೆವು, ಅಲ್ಲಿ ಜೀವ ಉಳಿಸಲು ಗರ್ಭಕೋಶವನ್ನೇ ತೆಗೆದರು. ನಗರಗೆರೆಯ ನಮ್ಮ ಮನೆಯಲ್ಲಿ ಮಗುವಿಗೆ ಬಾಟಲಿ ಹಾಲು ಕುಡಿಸಿದವಳು ನಾನು. ಅದು ಅತ್ತಾಗಲೆಲ್ಲ ನನಗೆ ಆ ನಗುವೇ ಕೇಳಿಸುತ್ತಿತ್ತು. ನಾನು ನರ್ಸಿಂಗ್ ಸೇರಿದ್ದು ಸೇವೆಯ ಆಸೆಯಿಂದಲ್ಲ, ಸಿಟ್ಟಿನಿಂದ.

ಈಗ ಚಿಕ್ಕಬಳ್ಳಾಪುರದ ಆಸ್ಪತ್ರೆಯೊಂದರ ಸರ್ಜರಿ ವಾರ್ಡು ನನ್ನ ಉಸ್ತುವಾರಿಯಲ್ಲಿದೆ. ಹೋದ ವರ್ಷ ಹರ್ನಿಯಾ ಆಪರೇಷನ್ ಮಾಡಿಸಿಕೊಂಡು ಆ ಡಾಕ್ಟರೇ ಅಲ್ಲಿ ಬಂದು ಮಲಗಿದರು. ಮುದುಕರಾಗಿದ್ದರು. ಅವರಿಗೆ ನನ್ನ ಗುರುತು ಸಿಗಲಿಲ್ಲ. ಯಾರು ಹತ್ತಿರ ಬಂದರೂ ಅವರ ಕಣ್ಣು ಮಾತ್ರ ಬಂದವರ ಕೈ ಮೇಲೆಯೇ.

ಡ್ರೆಸ್ಸಿಂಗ್ ಬದಲಿಸಲು ನಾನೇ ಹೋದೆ. ಬೇಕೆಂದೇ ಕೈ ತೊಳೆಯದೆ ಅವರ ಗಾಯದ ಮೇಲೆ ಬೆರಳು ಚಾಚಿದೆ. ಮುಟ್ಟಲಿಲ್ಲ.

"ಸಿಸ್ಟರ್, ಕೈ..." ಎಂದರು. ಮುಖ ಬಿಳಿಚಿಕೊಂಡಿತ್ತು.

"ಭಯ ಆಗುತ್ತಾ ಸಾರ್? ನಮ್ಮಕ್ಕಂಗೂ ಆಗಿತ್ತು" ಎಂದು ಎಲ್ಲವನ್ನೂ ಹೇಳಿದೆ. ಹೇಳುತ್ತಲೇ ನಲ್ಲಿಯ ಹತ್ತಿರ ಹೋಗಿ ಒಂದೊಂದೇ ಬೆರಳನ್ನು ಉಜ್ಜಿ ತೊಳೆದೆ. ಕಾಯಲಿ ಎಂದು ನಿಧಾನ ಮಾಡಿದೆ.

"ನೆನಪಿಲ್ಲಮ್ಮ. ಎಷ್ಟೋ ಜನ ಬರ್ತಿದ್ರು" ಎಂದರು.

ಮೈ ಉರಿದುಹೋಯಿತು. ಕ್ಷಮೆ ಕೇಳಿದ್ದರೂ ನಾನು ಕೊಡುತ್ತಿರಲಿಲ್ಲ, ಆದರೂ ಕೇಳಬೇಕಿತ್ತು.

ಅಕ್ಕನಿಗೆ ಫೋನ್ ಮಾಡಿದೆ. "ಇಲ್ಲೇ ಬಿದ್ದಿದಾನೆ ಕಣಕ್ಕ. ಬಾ, ಮುಖಕ್ಕೆ ಉಗಿದು ಹೋಗು."

"ಅವನ ಮುಖ ನೋಡಿ ನಾನೇನ್ ಮಾಡ್ಲಿ? ಗಾಯ ನೀಟಾಗಿ ಕಟ್ಟಿದ್ಯಾ?"

"ಕಟ್ಟಿದೀನಿ."

"ಬಿಡು ಮತ್ತೆ. ಮನೆಗೆ ಹೋಗ್ಲಿ."

ನನ್ನಿಂದ ಬಿಡಲಾಗಲಿಲ್ಲ. ಗಾಯ ಚೊಕ್ಕವಾಗಿ ಒಣಗಿತು, ಅದಕ್ಕೂ ಹೊಟ್ಟೆ ಉರಿಯಿತು. ಡಿಸ್ಚಾರ್ಜ್ ದಿನ ಅವರ ಸೊಸೆ ಸ್ವೀಟ್ ಬಾಕ್ಸ್ ತಂದು, "ಮಾವನ್ನ ಚೆನ್ನಾಗಿ ನೋಡ್ಕೊಂಡ್ರಿ" ಎಂದಳು. ನಾನು ಕೈ ಚಾಚಲಿಲ್ಲ.

"ಯಾಕೆ ಬೇಡ ಅಂತಿದೀನಿ ಅಂತ ಅವರನ್ನೇ ಕೇಳಮ್ಮ" ಎಂದೆ.

ಅವಳು ತಿರುಗಿ ಮಾವನನ್ನು ನೋಡಿದಳು. ಅವರು ತಲೆ ತಗ್ಗಿಸಿ, ಮಂಚದ ಕೆಳಗೆ ಕಾಲಿನಿಂದ ಚಪ್ಪಲಿ ತಡಕತೊಡಗಿದರು.