ಫೇಲಾದವರ ಪೇಟೆಯಲ್ಲಿ ಮಂಜುಶ್ರೀ

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರೂ ಊರುಗಳಲ್ಲಿ ಮಂಜುಶ್ರೀಯ ಮುಖ ನೋಡಿದವರು ಕಡಿಮೆ, ಧ್ವನಿ ಕೇಳದವರು ಮಾತ್ರ ಯಾರೂ ಇಲ್ಲ. ಸೀರೆಯ ರಿಯಾಯಿತಿ ಮಾರಾಟವಿರಲಿ, ಕಣ್ಣಿನ ತಪಾಸಣೆಯಿರಲಿ, ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂಬ ಪ್ರಕಟಣೆಯಿರಲಿ, ಆಟೋದ ಹಿಂದಿನ ಸೀಟಿನಲ್ಲಿ ಕುಳಿತು ಮೈಕಿನಲ್ಲಿ ಕೂಗುವವಳು ಅವಳೇ. ಆ ಆಟೋ ನನ್ನದು. ಮೇಲಿನ ಎರಡು ಹಾರ್ನು, ಒಳಗಿನ ಆಂಪ್ಲಿಫೈಯರು, ಬ್ಯಾಟರಿ ಎಲ್ಲವೂ ಜಟ್ಟಪ್ಪನೆಂಬ ನನ್ನವು. ಆದರೂ ಜನ "ಮಂಜುಶ್ರೀ ಆಟೋ ಬಂತು" ಎನ್ನುತ್ತಾರೆ. ನನಗೆ ಸಿಟ್ಟು ಬರುತ್ತದೆ. ಯಾರಿಗಾದರೂ ಬರುತ್ತದೆ.

ಈಗೆಲ್ಲ ಒಂದು ಸಲ ರೆಕಾರ್ಡ್ ಮಾಡಿಟ್ಟು ದಿನವಿಡೀ ಅದನ್ನೇ ಹಾಕುವ ಕಾಲ. ಅವಳು ಒಪ್ಪುವುದಿಲ್ಲ. "ರೆಕಾರ್ಡಿಂಗ್‌ಗೆ ಕಣ್ಣಿದ್ಯಾ ಜಟ್ಟಪ್ಪಣ್ಣ? ನಾನು ಜನರ ಮುಖ ನೋಡಿ ಮಾತಾಡೋಳು" ಎನ್ನುತ್ತಾಳೆ. ನಿಜವಾಗಿಯೂ ನೋಡಿಯೇ ಮಾತಾಡುತ್ತಾಳೆ. ಸೀರೆ ಮಾರಾಟದ ನಡುವೆ "ನೀಲಿ ಅಂಗಿ ಅಣ್ಣಾ, ಫೋನ್ ಆಮೇಲೆ ನೋಡಿ, ಹಿಂದೆ ಬಸ್ ಬರ್ತಿದೆ" ಎಂದು ಸೇರಿಸುತ್ತಾಳೆ. ಒಮ್ಮೆ ಆನಂದಪುರದಲ್ಲಿ ಒಬ್ಬರು ಹಿರಿಯರು ತೀರಿಕೊಂಡ ಸುದ್ದಿ ಹೇಳುವಾಗ, ಬೆಳಗಿನಿಂದ ಪಾತ್ರೆ ಅಂಗಡಿಯ ಪ್ರಚಾರ ಮಾಡಿದ ಬಾಯಿ ತನ್ನಷ್ಟಕ್ಕೇ ಓಡಿ, "ತಪ್ಪದೇ ಬನ್ನಿ, ಇಂಥ ಅವಕಾಶ ಮತ್ತೆ ಸಿಗುವುದಿಲ್ಲ" ಎಂದುಬಿಟ್ಟಿತು. ನಾನು ಗಾಡಿಯನ್ನು ಸೀದಾ ಗದ್ದೆಯ ದಾರಿಗೆ ತಿರುಗಿಸಿದೆ. ಸತ್ತವರ ಮಗನೇ ಬೈಕಿನಲ್ಲಿ ಅಟ್ಟಿಸಿಕೊಂಡು ಬಂದ. ಹೊಡೆಯುತ್ತಾನೆ ಅಂದುಕೊಂಡೆವು. ಅವನು ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತ, "ಅಪ್ಪ ಇದ್ದಿದ್ರೆ ಬಿದ್ದು ಬಿದ್ದು ನಗ್ತಿದ್ರು ಅಕ್ಕಾ" ಎಂದ.

ಇಂಥವಳ ಹತ್ತಿರ ಉದಯ್ ಬಂದ. ಮಕ್ಕಳ, ಯುವಕರ ಮನಸ್ಸಿನ ಆರೋಗ್ಯದ ಬಗ್ಗೆ ಕೆಲಸ ಮಾಡುವ ಒಂದು ಸಂಸ್ಥೆಯ ಆಪ್ತಸಮಾಲೋಚಕ. ಮೂರೂ ಊರಿನಲ್ಲಿ ಶಿಬಿರ ಇಟ್ಟಿದ್ದ, ಪ್ರಚಾರ ನಮ್ಮದು. ಮಂಜುಶ್ರೀ ಗಂಟಲು ಹರಿಯುವಂತೆ ಕೂಗಿದಳು. ಶಿಬಿರದ ದಿನ ತೀರ್ಥಹಳ್ಳಿಯ ಸಭಾಭವನಕ್ಕೆ ಬಂದವರು ಬಿ.ಪಿ. ನೋಡಿಸಿಕೊಳ್ಳಲು ಬಂದ ಅಜ್ಜಂದಿರು, ಮತ್ತೆ ಎಮ್ಮೆಗೆ ಹಾಲು ಇಳಿಯುತ್ತಿಲ್ಲ ಎಂದು ಕೇಳಲು ಬಂದ ಒಬ್ಬಳು ಹೆಂಗಸು. ಹುಡುಗರು ಒಬ್ಬರೂ ಇಲ್ಲ. ಎದುರಿನ ಬಸ್‌ಸ್ಟ್ಯಾಂಡಿನಲ್ಲಿ ಗುಂಪು ಗುಂಪಾಗಿ ನಿಂತು ಯಾರು ಒಳಗೆ ಹೋಗುತ್ತಾರೆ ಎಂದು ನೋಡುತ್ತಿದ್ದರು. ಹಾಗೆ ಎಲ್ಲರೂ ನೋಡುತ್ತಿರುವಾಗ ಯಾರು ತಾನೇ ಹೋಗುತ್ತಾರೆ?

ಉದಯ್ ಬೇಜಾರಾದ. ಮಂಜುಶ್ರೀಗೆ ಅವಮಾನವಾಯಿತು. "ನನ್ನ ಧ್ವನಿಗೆ ಕೊಳೆತ ಟೊಮೆಟೊ ಖರ್ಚಾಗಿದೆ ಜಟ್ಟಪ್ಪಣ್ಣ! ಮಕ್ಕಳು ಬರಲ್ಲ ಅಂದ್ರೆ ಏನರ್ಥ?" ಎಂದು ಹೊಸನಗರದವರೆಗೂ ದಾರಿಯುದ್ದಕ್ಕೂ ಮೈಕಿಲ್ಲದೆಯೇ ಕೂಗಾಡಿದಳು. ಹೊಸನಗರ ಬಂದಾಗ ತಣ್ಣಗಾಗಿ ಹೇಳಿದಳು, "ಹಾಲ್‌ಗೆ ಬರಲ್ಲ. ಅಂಗಡಿಗೆ ಬರ್ತಾರಲ್ಲ. ಅಂಗಡಿಯೋರೇ ಮಾತಾಡ್ಲಿ."

ಅಲ್ಲಿಂದ ನನ್ನ ಗ್ರಹಚಾರ ಕೆಟ್ಟಿತು. ಪ್ರಚಾರಕ್ಕೆ ಕರೆದ ಪ್ರತಿ ಅಂಗಡಿಯವರಿಗೂ ಅವಳು ಒಂದು ಷರತ್ತು ಹಾಕತೊಡಗಿದಳು. ಚಪ್ಪಲಿ ಬಗ್ಗೆ ಕೂಗುತ್ತೇನೆ, ಆದರೆ ಕೊನೆಗೊಂದು ಮಾತು ನನ್ನದು: ಮನಸ್ಸು ಭಾರವಾದರೆ ಒಬ್ಬರ ಹತ್ತಿರವಾದರೂ ಹೇಳಿಕೊಳ್ಳಿ, ಈ ಅಂಗಡಿಯಲ್ಲಿ ಒಂದು ಸ್ಟೂಲು ಖಾಲಿ ಇದೆ, ಕೂತುಕೊಳ್ಳಿ, ಉದಯ್ ಅವರ ಫೋನು ನಂಬರೂ ಇಲ್ಲಿದೆ. ವ್ಯಾಪಾರಿಗಳು ಮೊದಲು ಗೊಣಗಿದರು. ಒಬ್ಬರು, "ಚಪ್ಪಲಿ ತಗೊಳ್ಳೋಕೆ ಬಂದೋರು ಅಳ್ತಾ ಕೂತ್ರೆ ನಾನೆಂತ ಮಾಡ್ಲಿ?" ಎಂದರು. "ಅಳೋರು ನಿಧಾನಕ್ಕೆ ಹೋಗ್ತಾರೆ, ನಿಧಾನಕ್ಕೆ ಹೋಗೋರು ನಾಲ್ಕು ಜೊತೆ ಹಾಕಿ ನೋಡ್ತಾರೆ" ಎಂದಳು ಇವಳು. ಅವರು ಆ ಕ್ಷಣವೇ ಒಪ್ಪಿದರು.

ತೀರ್ಥಹಳ್ಳಿಯ ಐಸ್‌ಕ್ರೀಂ ಅಂಗಡಿಯ ಸುರೇಂದ್ರ ಪಿಯುಸಿ ಫಲಿತಾಂಶ ಬಂದ ದಿನ ಒಂದು ಹೆಜ್ಜೆ ಮುಂದೆ ಹೋದ. ಪರೀಕ್ಷೆಯಲ್ಲಿ ಮೊದಲು ಬಂದವರಿಗೆ ಎಲ್ಲರೂ ಶಾಲು ಹೊದಿಸುತ್ತಾರೆ, ನಾನು ಫೇಲಾದವರಿಗೆ ಐಸ್‌ಕ್ರೀಂ ಕೊಡುತ್ತೇನೆ ಎಂದ. ಮಂಜುಶ್ರೀ ಅವನ ಕೈಗೇ ಮೈಕು ಕೊಟ್ಟಳು. "ನಾನೂ ಫೇಲು. ಇಂಗ್ಲಿಷು. ಆವತ್ತು ತುಂಗಾ ಹೊಳೆ ದಂಡೆ ಮೇಲೆ ಒಬ್ನೇ ಕೂತಿದ್ದೆ, ಯಾರೂ ಕರೀಲಿಲ್ಲ. ನೀವು ಇಲ್ಲಿಗೆ ಬನ್ನಿ" ಎಂದ. ಮಕ್ಕಳು ಬಂದರು. ಎಷ್ಟು ಬಂದರೆಂದರೆ, ಪಾಸಾದವರೂ ಫೇಲೆಂದು ಸುಳ್ಳು ಹೇಳಿ ಎರಡೆರಡು ಸಲ ಸಾಲಿನಲ್ಲಿ ನಿಂತರು. ಉದಯ್ ಒಂದು ಮೂಲೆಯ ಟೇಬಲ್ಲಿನಲ್ಲಿ ಕುಳಿತು ಐಸ್‌ಕ್ರೀಂ ತಿನ್ನುತ್ತ, ತಿನ್ನುತ್ತ, ಸಂಜೆಯವರೆಗೆ ಮಾತು ಕೇಳಿಸಿಕೊಂಡ. ಅವನಿಗೆ ಮರುದಿನ ನೆಗಡಿ.

ಸಾಗರದಲ್ಲಿ ಮಾತ್ರ ಎಲ್ಲವೂ ಗಣಪಯ್ಯನವರ ಬಳಿ ಬಂದು ನಿಂತುಬಿಟ್ಟಿತು. ಗಣಪಯ್ಯ ಬಟ್ಟೆ ಅಂಗಡಿಯವರು, ನಮ್ಮ ಪೇಟೆ ಬೀದಿಯ ವರ್ತಕರ ಸಂಘದ ಅಧ್ಯಕ್ಷರು. ಎಸ್ಸೆಸ್ಸೆಲ್ಸಿಯಲ್ಲಿ ತಾನು ಶಾಲೆಗೇ ಮೊದಲು ಬಂದವನು ಎಂದು ಅವರು ಹೇಳದ ಮದುವೆಯಿಲ್ಲ, ಮುಂಜಿಯಿಲ್ಲ. ಪ್ರತಿ ವರ್ಷ ಫಲಿತಾಂಶ ಬಂದಾಗ ಮುಂದೆ ಬಂದ ಮಕ್ಕಳ ದೊಡ್ಡ ಫ್ಲೆಕ್ಸು ಹಾಕಿಸುವುದು ಸಂಘದ ಪದ್ಧತಿ. ಅದರಲ್ಲಿ ಮಕ್ಕಳ ಮುಖಕ್ಕಿಂತ ಅಧ್ಯಕ್ಷರ ಮುಖ ದೊಡ್ಡದು. ಈ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ, ಫೇಲಾಗಿದ್ದ ವರ್ತಕರೆಲ್ಲ ಮೈಕಿನಲ್ಲಿ ಒಂದೊಂದು ಮಾತು ಹೇಳಬೇಕು ಎಂದು ಮಂಜುಶ್ರೀ ಕೇಳಿಕೊಂಡಳು. ಉಳಿದ ವರ್ತಕರೆಲ್ಲ, "ಅಧ್ಯಕ್ಷರು ಹೇಳ್ಲಿ, ಆಮೇಲೆ ನಾವು" ಎಂದು ಕೈತೊಳೆದುಕೊಂಡರು. ಗಣಪಯ್ಯ, "ನಾನೆಂತ ಹೇಳ್ಲಿ ಮಾರಾಯ್ತಿ, ನಾನು ಫಸ್ಟು" ಎಂದು ಮೀಸೆ ತೀಡಿಕೊಂಡರು.

ಅವರ ಮಗಳು ಅಪರ್ಣಾಳೂ ಈ ವರ್ಷ ಎಸ್ಸೆಸ್ಸೆಲ್ಸಿ. ಪರೀಕ್ಷೆ ಮುಗಿದ ಮೇಲೆ ಅಂಗಡಿಯ ಕೌಂಟರಿನಲ್ಲಿ ಕೂರುತ್ತಿದ್ದಳು. ಫಲಿತಾಂಶಕ್ಕೆ ಕೆಲವು ದಿನ ಇರುವಾಗ, ಅಪ್ಪ ಬ್ಯಾಂಕಿಗೆ ಹೋದ ಹೊತ್ತಿನಲ್ಲಿ, ಅವಳು ಮಂಜುಶ್ರೀಯನ್ನು ಕೇಳಿದಳು, "ಅಕ್ಕಾ, ನಿಮ್ಮ ಆಟೋದಲ್ಲಿ ನಂಗೊಂದು ಕೆಲ್ಸ ಸಿಗುತ್ತಾ? ಗಣಿತ ಹೋಗಿದೆ, ನಂಗೊತ್ತು. ಫಸ್ಟ್ ಬಂದೋರ ಮನೇಲಿ ಫೇಲಾಗಿ ಹೇಗಿರೋದು? ನಾನು ಮನೆಗೆ ಹೋಗಲ್ಲ." ತಮಾಷೆಯಂತೆಯೇ ಕೇಳಿದಳು. ಆದರೆ ಹೊರಡಲು ತುಂಬಿದ ಬ್ಯಾಗು ಆಗಲೇ ಉಗ್ರಾಣದಲ್ಲಿ ಸಿದ್ಧವಿತ್ತು.

ಮಂಜುಶ್ರೀ ಆವತ್ತು ಪೂರ್ತಿ ಏನೂ ತಿನ್ನಲಿಲ್ಲ. ಅವಳಿಗೆ ಹೆದರಿಕೆಯಾಗಿತ್ತು, ನನಗೂ. "ನಿನ್ನ ಅಮ್ಮನಿಗೆ ನಾನು ಹೇಳ್ತೀನಿ. ನಿನ್ನ ಎದುರಿಗೇ ಹೇಳ್ತೀನಿ" ಎಂದು ಹುಡುಗಿಯ ಕೈ ಹಿಡಿದು ಅಂಗಡಿಯ ಮೇಲಿನ ಮನೆಗೆ ಹತ್ತಿದಳು, ಹಿಂದೆ ನಾನೂ. ತಾಯಿ ಮಂಗಳಗೌರಿ ಕೇಳಿದರು, ಮಗಳನ್ನು ತಬ್ಬಿಕೊಂಡರು, ಉದಯ್‌ಗೆ ಫೋನು ಮಾಡಿದರು, ಅಪರ್ಣಾ ಅವನೊಂದಿಗೆ ಮಾತಾಡಿದಳು. ಆದರೆ ಬ್ಯಾಗು ಮಾತ್ರ ಬಿಚ್ಚಲಿಲ್ಲ. ಹೊರಡುವಾಗ ಮಂಗಳಗೌರಿ ಮೆಟ್ಟಿಲ ಬಳಿ ನಮ್ಮಿಬ್ಬರನ್ನೂ ನಿಲ್ಲಿಸಿ ಪಿಸುಗುಟ್ಟಿದರು. "ಫಸ್ಟಂತೆ ಫಸ್ಟು! ನಾವಿಬ್ರೂ ಒಂದೇ ಕ್ಲಾಸು. ನಾನು ಪಾಸಾಗಿ ಮುಂದೆ ಹೋದೆ, ಇವ್ರು ಅಲ್ಲೇ ಉಳಿದ್ರು. ಆದ್ರೆ ನಾನು ಹೇಳಿದ್ರೆ ಅವಳು ನಂಬಲ್ಲ, ಸಮಾಧಾನಕ್ಕೆ ಹೇಳ್ತಿ ಅಂತಾಳೆ. ಅವ್ರ ಬಾಯಿಂದ್ಲೇ ಬರ್ಬೇಕು."

ಆ ಬಾಯಿಂದ ಅದನ್ನು ಹೊರಡಿಸಲು ಅವರಿಬ್ಬರೂ ಪಟ್ಟ ಪಾಡು ದೇವರಿಗೇ ಪ್ರೀತಿ. ಮಂಗಳಗೌರಿ ಗಂಡನಿಗೆ ದಿನಾ ಹಲಸಿನ ಹಪ್ಪಳ ಕರಿದು ಕೊಟ್ಟು ನಯವಾಗಿ ಕೇಳಿದರು, ಮಂಜುಶ್ರೀ ಹೊಗಳಿ ಕೇಳಿದಳು. ಗಣಪಯ್ಯ ಹಪ್ಪಳ ತಿಂದರು, ಹೊಗಳಿಕೆಯನ್ನೂ ಇಟ್ಟುಕೊಂಡರು. "ಮಕ್ಕಳ ಮುಂದೆ ಅಪ್ಪ ಅಂದ್ರೆ ಒಂದು ತೂಕ ಬೇಡ್ವಾ?" ಎಂದರು. ಪೆದ್ದ ಮನುಷ್ಯ ಎಂದು ನನಗೆ ಮೈಯೆಲ್ಲ ಉರಿಯಿತು.

ಫಲಿತಾಂಶದ ದಿನ ಬಂತು. ಬೀದಿಯಲ್ಲಿ ಎಲ್ಲರೂ ಫೋನು ಹಿಡಿದು ನಿಂತಿದ್ದಾರೆ, ವೆಬ್‌ಸೈಟು ತೆರೆಯುತ್ತಿಲ್ಲ, ಚಕ್ರ ಸುತ್ತುತ್ತಲೇ ಇದೆ. ನಾನು ಬಟ್ಟೆ ಅಂಗಡಿಯ ಎದುರಿಗೇ ಆಟೋ ನಿಲ್ಲಿಸಿದೆ. ಮಂಜುಶ್ರೀ ಮೈಕು ಹಿಡಿದಳು. ಬಾಯಿ ತೆರೆದಳು. ಮಾತು ಬರಲಿಲ್ಲ. ಗಾಜಿನ ಒಳಗೆ ಕೌಂಟರಿನಲ್ಲಿ ಕುಳಿತಿದ್ದ ಅಪರ್ಣಾಳನ್ನೇ ನೋಡುತ್ತಿದ್ದಳು. ಇಷ್ಟು ವರ್ಷದಲ್ಲಿ ಅವಳ ಬಾಯಿ ಕಟ್ಟಿದ್ದು ಅದೇ ಮೊದಲು.

ಮಂಜುಶ್ರೀ ಆಟೋ ಬಂದು ನಿಂತು ಸದ್ದೇ ಮಾಡದಿದ್ದರೆ ಸಾಗರದವರಿಗೆ ಗಾಬರಿಯಾಗುತ್ತದೆ. ಅಂಗಡಿಗಳಿಂದ ಒಬ್ಬೊಬ್ಬರೇ ಇಣುಕಿದರು. ಗಣಪಯ್ಯ ಮೆಟ್ಟಿಲಿಳಿದು ಬಂದು, "ಎಂತಾಯ್ತಾ ಜಟ್ಟಪ್ಪಾ, ಕೆಟ್ಟೋಯ್ತಾ ನಿನ್ನ ಡಬ್ಬ?" ಎಂದರು. ನನ್ನ ಆಂಪ್ಲಿಫೈಯರನ್ನು ಡಬ್ಬ ಅಂದದ್ದಕ್ಕೆ ನಾನು ಉತ್ತರ ಕೊಡುವಷ್ಟರಲ್ಲಿ, ಅವರು ಮೈಕು ಕಿತ್ತುಕೊಂಡು "ಹಲೋ, ಹಲೋ" ಎಂದು ಪರೀಕ್ಷೆ ಮಾಡತೊಡಗಿದರು. ಅದೇ ಹೊತ್ತಿಗೆ ಅಂಗಡಿಯ ಪಕ್ಕದ ಬಾಗಿಲು ತೆರೆಯಿತು. ಅಪರ್ಣಾ ಬ್ಯಾಗು ಹೆಗಲಿಗೇರಿಸಿಕೊಂಡು, ತಲೆ ತಗ್ಗಿಸಿ, ಬಸ್‌ಸ್ಟ್ಯಾಂಡಿನ ಕಡೆ ಬಿರಬಿರನೆ ನಡೆದಳು.

ಗಣಪಯ್ಯ ನೋಡಿದರು. ಬ್ಯಾಗು ನೋಡಿದರು. ಹೆಂಡತಿ ಇಷ್ಟು ದಿನ ಹಪ್ಪಳದ ಜೊತೆ ಏನು ಹೇಳುತ್ತಿದ್ದಳು ಎಂದು ಆಗ ಅವರಿಗೆ ಹೊಳೆದಿರಬೇಕು. ಕೈಯಲ್ಲಿ ಮೈಕು ಇದೆ ಎಂಬುದೂ ಮರೆತು, 'ನಾನು' ಎನ್ನಲು 'ಆನು' ಎನ್ನುವ ತಮ್ಮ ಹವ್ಯಕ ಮನೆಮಾತಿನಲ್ಲೇ ಕೂಗಿದರು.

"ಅಪರ್ಣಾ! ನಿಲ್ಲೇ ಕೂಸೆ!"

ಎರಡು ಹಾರ್ನಿನಿಂದ ಹೊರಟ ಆ ಕೂಗಿಗೆ ಇಡೀ ಬೀದಿ ನಿಂತಿತು. ಹಾಲಿನ ವ್ಯಾನು ನಿಂತಿತು. ಅಪರ್ಣಾ ಮಾತ್ರ ನಿಲ್ಲಲಿಲ್ಲ.

"ಆನೂ ಫೇಲಾಗಿದ್ದಿ ಕೂಸೆ! ಗಣಿತದಲ್ಲಿ! ಫಸ್ಟ್ ಬಂದಿದ್ದು ಸುಳ್ಳು!"

ಅಪರ್ಣಾ ನಿಂತಳು.

"ಆನು ಎರಡು ಸಲ ಫೇಲಾಗಿದ್ದಿ!"

"ಮೂರು ಸಲ!" ಎಂದು ಮಹಡಿಯ ಕಿಟಕಿಯಿಂದ ಮಂಗಳಗೌರಿ ಕೂಗಿದರು. ಮೈಕಿಲ್ಲದೆ, ನನ್ನ ಹಾರ್ನಿಗಿಂತ ಜೋರಾಗಿ.

ಆಮೇಲೆ ಏನಾಯಿತು ಎಂದು ಕ್ರಮವಾಗಿ ಹೇಳಲು ನನ್ನಿಂದಾಗದು. ಹಾರ್ಡ್‌ವೇರ್ ಅಂಗಡಿಯ ಶೇಷಪ್ಪ ಎರಡು ಚರಂಡಿ ಹಾರಿಕೊಂಡು ಓಡಿ ಬಂದು, "ನಂದು ವಿಜ್ಞಾನ, ಸಮಾಜ ಎರಡೂ ಹೋಗಿತ್ತು!" ಎಂದು ಮೈಕಿಗೆ ಬಾಯಿ ಹಾಕಿದರು. ಬೇಕರಿಯವರು ತಮ್ಮದು ಕನ್ನಡವೇ ಹೋಗಿತ್ತು ಎಂದರು, ಬೀದಿ ಚಪ್ಪಾಳೆ ಹೊಡೆಯಿತು. ಹೂವಿನಂಗಡಿಯವರು, ಗಡಿಯಾರ ರಿಪೇರಿಯವರು ನಾ ಮುಂದು ತಾ ಮುಂದು ಎಂದು ನುಗ್ಗಿದರು. ಪುಸ್ತಕದಂಗಡಿಯ ಗಜಾನನನೂ ಬಂದು, "ನಾನೂ ಫೇಲು" ಎಂದ. "ಸುಳ್ಳು! ಇವ್ನು ತಾಲ್ಲೂಕಿಗೇ ಮೊದಲು ಬಂದೋನು!" ಎಂದು ಎಲ್ಲರೂ ಸೇರಿ ಅವನನ್ನು ಹಿಂದಕ್ಕೆ ತಳ್ಳಿದರು. ಪಾಪ, ಅವನ ಮುಖ ಸಣ್ಣದಾಯಿತು. ಮಂಜುಶ್ರೀ ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ, ನನ್ನ ಟವಲ್ಲಂತೂ ಒದ್ದೆ ಮಾಡಿಕೊಟ್ಟಳು.

ಆ ಗದ್ದಲದಲ್ಲೇ ಅಪರ್ಣಾ ಆಟೋದ ಹತ್ತಿರ ವಾಪಸು ಬಂದಳು, ವೆಬ್‌ಸೈಟೂ ತೆರೆಯಿತು. ಅಪರ್ಣಾಳ ಫಲಿತಾಂಶವನ್ನು ಮಂಜುಶ್ರೀಯ ಫೋನಿನಲ್ಲಿ ಎಲ್ಲರೂ ಬಗ್ಗಿ ನೋಡಿದರು. ಗಣಿತ ಹೋಗಿತ್ತು. ಅಪರ್ಣಾ ಅಪ್ಪನನ್ನು ನೋಡಿದಳು. ಅಪ್ಪ ಅವಳನ್ನೇ ನೋಡುತ್ತಿದ್ದರು, ಮೀಸೆ ಅದುರುತ್ತಿತ್ತು. ಅವಳು ಕೈ ಚಾಚಿ ಮೈಕು ತೆಗೆದುಕೊಂಡಳು.

"ಸಾಗರದ ಮಹಾಜನತೆಯಲ್ಲಿ ವಿನಂತಿ" ಎಂದಳು, ಥೇಟ್ ಮಂಜುಶ್ರೀಯ ಧಾಟಿಯಲ್ಲಿ. "ಗಣಪಯ್ಯನವರ ಬಟ್ಟೆ ಅಂಗಡಿಯ ಅಪರ್ಣಾ ಗಣಿತದಲ್ಲಿ ಫೇಲಾಗಿದ್ದಾಳೆ. ಆದರೆ ಅಪ್ಪಯ್ಯನ ದಾಖಲೆ ಮುರಿಯುವ ಆಸೆ ಅವಳಿಗಿಲ್ಲ." ಬೀದಿ ಎಂಥ ಕೇಕೆ ಹಾಕಿತೆಂದರೆ, ಕೆಳದಿಗೆ ಹೊರಟಿದ್ದ ಬಸ್ಸಿನ ಡ್ರೈವರು ಯಾರು ಗೆದ್ದರು ಎಂದು ಇಳಿದು ಬಂದು ಕೇಳಿದ.

ಗಣಪಯ್ಯ ಮಗಳ ಹೆಗಲಿನಿಂದ ಬ್ಯಾಗು ತೆಗೆದುಕೊಂಡರು. ಅದರ ಭಾರಕ್ಕೆ ಅವರ ಕೈ ಜಗ್ಗಿತು. ಜಿಪ್ಪು ಎಳೆದು ನೋಡಿದರು. ಎರಡು ಜೊತೆ ಬಟ್ಟೆ, ಅದರ ಕೆಳಗೆ ಗಣಿತದ ಪುಸ್ತಕ, ಗೈಡು, ಕಂಪಾಸಿನ ಡಬ್ಬಿ.

"ಮನೆ ಬಿಟ್ಟು ಹೋಪವಳು ಗಣಿತದ ಪುಸ್ತಕ ಎಂತಕ್ಕೆ ತಗಂಡಿದ್ದೆ?"

"ಮತ್ತೆ ಬರಿಯಲೆ ಎರಡನೇ ಪರೀಕ್ಷೆ ಇದ್ದಲ, ಅಪ್ಪಯ್ಯ" ಎಂದಳು ಅವಳು, ಅಳುತ್ತಲೇ.

ಗಣಪಯ್ಯ ಬ್ಯಾಗನ್ನು ತಮ್ಮ ಹೆಗಲಿಗೆ ಹಾಕಿಕೊಂಡು, "ಬಾ, ಮನೆಗೆ ಹೋಪನ. ಅಮ್ಮ ಹಪ್ಪಳ ಕರಿದಿಕ್ಕು" ಎಂದರು. ಮೈಕು ಇನ್ನೂ ಅಪರ್ಣಾಳ ಕೈಯಲ್ಲೇ ಇತ್ತು, ಆ ಮಾತೂ ಪೇಟೆಗೆಲ್ಲ ಕೇಳಿಸಿತು. ಅಪ್ಪನೂ ಮಗಳೂ ಮೆಟ್ಟಿಲು ಹತ್ತಿದರು, ನನ್ನ ಮೈಕನ್ನೂ ಹಿಡಿದುಕೊಂಡೇ. ವೈರು ಪೂರ್ತಿ ಎಳೆದುಕೊಳ್ಳುವವರೆಗೂ ನಾನು ಸುಮ್ಮನೆ ನೋಡುತ್ತ ನಿಂತಿದ್ದೆ.